ಮಂಡಿ, ಹೊಟ್ಟೆ, ನಾಚಿಕೆ: ಜಪಾನಿನ ಹಳ್ಳಿಗಾಡಿನಲ್ಲಿ ಎಲ್ಲಿಗೆ ಹೋಗೋದು?

ಕೋಯಾಸಾನ್ ಬೆಟ್ಟದ ಮೇಲೆ ಒಂದು ದೇವಸ್ಥಾನದ ಕೋಣೆ. ಸಂಜೆ ಐದೂವರೆ ಆಗಿತ್ತು. ಎಳೆಯ ವಯಸ್ಸಿನ ಸನ್ಯಾಸಿಯೊಬ್ಬರು ಬಂದು ಅಮ್ಮನ ಮುಂದೆ ಕೆಂಪಗೆ ಹೊಳೆಯುವ ಪುಟ್ಟ ಮಣೆ ಇಟ್ಟರು. ಅದರ ಮೇಲೆ ಏಳೆಂಟು ಬಟ್ಟಲು ಜೋಡಿಸಿ, ತಲೆ ಬಗ್ಗಿಸಿ ಹೋದರು. ಅಮ್ಮ ಒಂದೊಂದು ಬಟ್ಟಲನ್ನೂ ಎತ್ತಿ ಮೂಸಿ ನೋಡಿದಳು.

"ಮೀನು ಇಲ್ಲ ತಾನೆ?"

"ಮೀನೂ ಇಲ್ಲ, ಮೊಟ್ಟೆಯೂ ಇಲ್ಲ. ಇಲ್ಲಿ ಈರುಳ್ಳಿ, ಬೆಳ್ಳುಳ್ಳಿ ಕೂಡ ಹಾಕಲ್ಲಮ್ಮ."

"ಹಾಗಾದ್ರೆ ಮಡಿ ಅಡುಗೆ ಅನ್ನು."

ಆಮೇಲೆ ಒಂದು ಅಗುಳೂ ಉಳಿಯಲಿಲ್ಲ. ಅದಕ್ಕೆ ಮುಂಚೆ ನಾಲ್ಕು ದಿನ ಅವಳು ದಿನ ದೂಡಿದ್ದು ಬಾಳೆಹಣ್ಣು ಮತ್ತು ಊರಿಂದ ತಂದ ಕೋಡುಬಳೆಯ ಮೇಲೆ.

ಹೋದ ವರ್ಷ ದೊಡ್ಡಮ್ಮನ ಮಗಳು ಫೋನ್ ಮಾಡಿದಾಗ ಈ ಊಟವೇ ನೆನಪಾಯಿತು. "ಟೋಕ್ಯೋ, ಕ್ಯೋಟೋ ಗದ್ದಲ ಬೇಡ ಕಣೋ. ಹಳೇ ದೇವಸ್ಥಾನ, ಬಿಸಿನೀರಿನ ಬುಗ್ಗೆ, ಕಾಡು, ಮೂರೂ ಇರೋ ಹಳ್ಳಿ ಕಡೆ ಹೇಳು. ಎಂಟು ದಿನ ಇದೆ. ಅತ್ತೆನೂ ಬರ್ತಾರೆ. ನಿಮ್ಮ ಭಾವನ ಮಂಡಿ ಕತೆ ಗೊತ್ತಲ್ಲ" ಅಂದಳು. ಆಮೇಲೆ ಕೇಳಿದಳು: "ಯಾವ ದೇವಸ್ಥಾನ ಚೆನ್ನಾಗಿದೆ?"

ಅಕ್ಕ ಕೊನೆಗೆ ಕೇಳಬೇಕಾದ್ದನ್ನು ಮೊದಲು ಕೇಳಿದ್ದಳು. ಅಲ್ಲಿ ಚೆನ್ನಾಗಿಲ್ಲದ ದೇವಸ್ಥಾನ ಹುಡುಕಿದರೂ ಸಿಗೋದು ಕಷ್ಟ. ಮೊದಲು ನೋಡಿಕೊಳ್ಳಬೇಕಾದ್ದು ಮೂರು. ಮಂಡಿ ಎಷ್ಟು ಮೆಟ್ಟಿಲು ತಡೆಯುತ್ತೆ? ಹೊಟ್ಟೆ ಏನನ್ನು ಒಪ್ಪುತ್ತೆ? ಗುರುತಿಲ್ಲದ ಹತ್ತು ಜನರ ನಡುವೆ ಬಟ್ಟೆ ಬಿಚ್ಚಿ ನೀರಿಗಿಳಿಯಲು ನಾಚಿಕೆ ಬಿಡುತ್ತಾ? ಇವಕ್ಕೆ ಉತ್ತರ ಸಿಕ್ಕರೆ ಊರು ತಾನಾಗಿ ಸಿಗುತ್ತದೆ.

ಅಕ್ಕನ ಮುಂದೆ ನಾನಿಟ್ಟಿದ್ದು ಮೂರು ಸೀಮೆಗಳನ್ನು: ಕೀ ಪರ್ಯಾಯದ್ವೀಪ, ಯಾಮಾಗಾತಾ, ಓಇತಾ. ಮೂರನ್ನೂ ಒಂದೇ ಪ್ರವಾಸದಲ್ಲಿ ಮುಗಿಸ್ತೀನಿ ಅನ್ನುವವರು ಮುಗಿಸುವುದು ರೈಲಿನ ಕಿಟಕಿಯನ್ನು ಮಾತ್ರ.

ಮೂರು ಸೀಮೆ

ಕೀ ಪರ್ಯಾಯದ್ವೀಪ ಒಸಾಕಾದಿಂದ ದಕ್ಷಿಣಕ್ಕಿದೆ. ಇಲ್ಲಿ ನೋಡಬೇಕಾದ್ದು ಎರಡು ಗುಂಪು. ಮೇಲೆ ಕೋಯಾಸಾನ್, ಕೆಳಗೆ ಕುಮಾನೊ. ಕೋಯಾಸಾನ್ ಸುಮಾರು 800 ಮೀಟರ್ ಎತ್ತರದಲ್ಲಿರುವ ದೇವಸ್ಥಾನಗಳ ಊರು. 816ರಲ್ಲಿ ಚಕ್ರವರ್ತಿ ಈ ಜಾಗವನ್ನು ಕೂಕಾಯ್ ಎಂಬ ಸನ್ಯಾಸಿಗೆ ಕೊಟ್ಟ. ಕೂಕಾಯ್ ಚೀನಾಕ್ಕೆ ಹೋಗಿ ಮಂತ್ರ ಪರಂಪರೆಯ ಬೌದ್ಧ ಧರ್ಮ ಕಲಿತು ಬಂದವರು. ಅವರು ಕಟ್ಟಿದ ಪಂಥದ ಹೆಸರು ಶಿಂಗೋನ್. ಅಂದರೆ 'ನಿಜವಾದ ಮಾತು'. ನಮ್ಮ 'ಮಂತ್ರ' ಪದಕ್ಕೆ ಅವರು ಮಾಡಿಕೊಂಡ ಹೆಸರು ಅದು. ಬೆಳಗಿನ ಪೂಜೆಯಲ್ಲಿ ಅಗ್ನಿಕುಂಡದ ಮುಂದೆ ಕೂತು ಕಟ್ಟಿಗೆ ಹಾಕುತ್ತಾ ಮಾಡುವ ವಿಧಿಗೆ 'ಗೋಮಾ' ಅನ್ನುತ್ತಾರೆ. ಹೋಮ ಅಂತ ಓದಿಕೊಳ್ಳಿ, ತಪ್ಪೇನಿಲ್ಲ. ಪದವೇ ಅಲ್ಲಿಂದ ಬಂದಿದ್ದು.

ಆ ಊರಿನ ತುದಿಯಲ್ಲಿ ಒಕುನೊಇನ್ ಇದೆ. ದೊಡ್ಡ ದೇವದಾರು ಜಾತಿಯ ಮರಗಳ ನಡುವೆ ಎರಡು ಕಿಲೋಮೀಟರ್ ಕಲ್ಲುದಾರಿ, ಎರಡೂ ಬದಿಗೆ 2 ಲಕ್ಷಕ್ಕೂ ಹೆಚ್ಚು ಸಮಾಧಿಗಳು. ಸ್ಮಶಾನ ಅಂದ ಕೂಡಲೇ ಅಮ್ಮ ಹಿಂದೆ ಸರಿದಳು. ಒಳಗೆ ಹೋದ ಮೇಲೆ ಹೊರಡಲು ಒಪ್ಪಲಿಲ್ಲ. ಅಲ್ಲಿನ ಹಳೆಯ ಕಲ್ಲುಗಳಲ್ಲಿ ಬಹಳಷ್ಟು ಐದು ಹಂತದವು. ಕೆಳಗೆ ಚೌಕ, ಅದರ ಮೇಲೆ ಗುಂಡು, ತ್ರಿಕೋನ, ಅರ್ಧಚಂದ್ರ, ತುದಿಯಲ್ಲಿ ಮೊಗ್ಗಿನಂಥದ್ದು. ಭೂಮಿ, ನೀರು, ಬೆಂಕಿ, ಗಾಳಿ, ಆಕಾಶ. ಒಂದೊಂದರ ಮೇಲೂ ಒಂದೊಂದು ಅಕ್ಷರ. ಅದು ಜಪಾನಿ ಲಿಪಿ ಅಲ್ಲ, ಸಿದ್ಧಂ ಎಂಬ ಹಳೆಯ ಭಾರತೀಯ ಲಿಪಿ, ಸಂಸ್ಕೃತದ ಬೀಜಾಕ್ಷರಗಳು. ಪಾಚಿ ಕಟ್ಟಿದ ಕಲ್ಲಿನ ಮೇಲೆ ಬೆರಳಾಡಿಸಿ ಅಮ್ಮ "ಅ... ವ... ರ..." ಅಂತ ಊಹಿಸುತ್ತಾ ನಿಂತಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ದಾರಿಯ ಕೊನೆಗೆ ಕೂಕಾಯ್ ಅವರ ಸ್ಥಾನ. 835ರಲ್ಲಿ ಅವರು ತೀರಿಕೊಂಡರು ಅಂತ ಇಲ್ಲಿ ಯಾರೂ ಹೇಳುವುದಿಲ್ಲ. ಧ್ಯಾನದಲ್ಲಿ ಕೂತಿದ್ದಾರೆ ಅನ್ನುತ್ತಾರೆ. ಹಾಗಾಗಿ ದಿನಕ್ಕೆ ಎರಡು ಸಲ ಅವರಿಗೆ ಊಟ ಹೋಗುತ್ತದೆ. ನಮ್ಮ ಕಡೆ ಬೃಂದಾವನದ ಮುಂದೆ ನೈವೇದ್ಯ ಇಡುವುದನ್ನು ನೋಡಿ ಬೆಳೆದವರಿಗೆ ಇದು ಹೊಸದಾಗಿ ಕಾಣುವುದಿಲ್ಲ.

ಕೆಳಗೆ ಕುಮಾನೊದಲ್ಲಿ ಜಪಾನಿನ ಸ್ವಂತ ಧರ್ಮವಾದ ಶಿಂತೋದ ಮೂರು ದೊಡ್ಡ ದೇವಾಲಯಗಳು: ಹೋಂಗು, ಹಯಾತಾಮಾ, ನಾಚಿ. ನಾಚಿಯಲ್ಲಿ 133 ಮೀಟರ್ ಎತ್ತರದ ಜಲಪಾತವೇ ದೇವರು. ಸಮುದ್ರದ ಹತ್ತಿರ ಫುದರಾಕುಸಾನ್-ಜಿ ಅನ್ನುವ ಚಿಕ್ಕ ಬೌದ್ಧ ದೇವಸ್ಥಾನ ಇದೆ. ಬಹಳ ಜನ ಅದನ್ನು ನೋಡದೆ ಬರುತ್ತಾರೆ. ಹಿಂದಿನ ಕಾಲದಲ್ಲಿ ಇಲ್ಲಿಂದ ಸನ್ಯಾಸಿಗಳು ದೋಣಿಯ ಗೂಡಿನೊಳಗೆ ಕೂತು, ಬಾಗಿಲಿಗೆ ಮೊಳೆ ಹೊಡೆಸಿಕೊಂಡು, ದಕ್ಷಿಣ ಸಮುದ್ರಕ್ಕೆ ಹೊರಟುಬಿಡುತ್ತಿದ್ದರು. ಅವರು ಸೇರಬೇಕೆಂದಿದ್ದ ಜಾಗ 'ಫುದರಾಕು', ಅಂದರೆ ಪೋತಲಕ, ಅವಲೋಕಿತೇಶ್ವರನ ಬೆಟ್ಟ. ಬೌದ್ಧ ಗ್ರಂಥಗಳ ಪ್ರಕಾರ ಅದು ಇರುವುದು ದಕ್ಷಿಣ ಭಾರತದ ಕಡೆ. ಬೆಂಗಳೂರಿನಿಂದ ಹಾರಿಹೋಗಿ ಆ ದೋಣಿಯ ಮಾದರಿಯ ಮುಂದೆ ನಿಂತರೆ ಮನಸ್ಸಿಗೆ ಏನೋ ಆಗುತ್ತದೆ.

ಎರಡನೆಯದು ಯಾಮಾಗಾತಾ. ಟೋಕ್ಯೋದಿಂದ ಉತ್ತರಕ್ಕೆ, ತೋಹೊಕು ಸೀಮೆಯಲ್ಲಿ. ಇಲ್ಲಿ ದೇವಾ ಸಾನ್‌ಝಾನ್ ಅಂತ ಮೂರು ಪವಿತ್ರ ಬೆಟ್ಟಗಳಿವೆ: ಹಗುರೊ, ಗಸ್ಸಾನ್, ಯುದೊನೊ. ಬೆಟ್ಟದಲ್ಲೇ ತಪಸ್ಸು ಮಾಡುವ ಯಾಮಾಬುಶಿಗಳು ಬಿಳಿ ಬಟ್ಟೆ ತೊಟ್ಟು, ಶಂಖ ಊದುತ್ತಾ ಹೋಗುವುದನ್ನು ಇಲ್ಲಿ ಈಗಲೂ ನೋಡಬಹುದು. 860ರಲ್ಲಿ ಶುರುವಾಯಿತು ಅನ್ನುವ ಯಾಮಾದೆರಾ ದೇವಸ್ಥಾನ ಬಂಡೆಯ ಮೇಲೆ ಅಂಟಿಸಿಟ್ಟ ಹಾಗಿದೆ. ಬಿಸಿನೀರಂತೂ ಎಲ್ಲೆಲ್ಲೂ. ಯಾಮಾಗಾತಾದ 35 ಊರಾಡಳಿತಗಳಲ್ಲಿ ಒನ್ಸೆನ್, ಅಂದರೆ ಬಿಸಿನೀರಿನ ಬುಗ್ಗೆಯ ಸ್ನಾನದ ಜಾಗ, ಇಲ್ಲದ್ದು ಒಂದೂ ಇಲ್ಲ. ಹಿಮ ಬಿದ್ದ ರಾತ್ರಿ, ಹೊಳೆಯ ಎರಡೂ ದಡದಲ್ಲಿ ಮರದ ಮೂರು ನಾಲ್ಕು ಅಂತಸ್ತಿನ ಮನೆಗಳು, ಹಳದಿ ದೀಪ. ಈ ಫೋಟೋ ನೀವು ಫೋನಿನಲ್ಲಿ ನೋಡೇ ಇರ್ತೀರಿ. ಅದೇ ಗಿಂಝಾನ್ ಒನ್ಸೆನ್.

ಮೂರನೆಯದು ದಕ್ಷಿಣದ ಕ್ಯೂಶು ದ್ವೀಪದ ಓಇತಾ. ಬೆಪ್ಪು ಊರೊಂದರಲ್ಲೇ 2,000ಕ್ಕೂ ಹೆಚ್ಚು ಬಿಸಿನೀರಿನ ಸೆಲೆಗಳಿವೆ. ಜಪಾನಿನಲ್ಲಿ ಇಷ್ಟು ಇನ್ನೆಲ್ಲೂ ಇಲ್ಲ. ಚರಂಡಿಯಿಂದ, ಗೋಡೆಯ ಸಂದಿನಿಂದ, ಮನೆಯ ಹಿತ್ತಲಿನಿಂದ ಹಬೆ ಬರುತ್ತಿರುತ್ತದೆ. ಸ್ವಲ್ಪ ಉತ್ತರಕ್ಕೆ ಕುನಿಸಾಕಿ ಪರ್ಯಾಯದ್ವೀಪ. ಅಲ್ಲಿ ಪ್ರವಾಸಿಗರು ಕಮ್ಮಿ, ಕಲ್ಲಿನ ಕಾವಲು ದೇವರುಗಳು ಜಾಸ್ತಿ. ಫುಕಿ-ಜಿ ದೇವಸ್ಥಾನದ ಮರದ ಗುಡಿ ಕ್ಯೂಶುವಿನಲ್ಲೇ ಅತಿ ಹಳೆಯ ಮರದ ಕಟ್ಟಡ. ದಕ್ಷಿಣಕ್ಕೆ ಉಸುಕಿಯಲ್ಲಿ ಸುಮಾರು 60 ಕಲ್ಲಿನ ಬುದ್ಧರಿದ್ದಾರೆ. ಆಸೊ ಜ್ವಾಲಾಮುಖಿ ಉಗುಳಿದ ಬೂದಿಯೇ ಗಟ್ಟಿಯಾಗಿ ಆದ ಬಂಡೆಯಲ್ಲಿ ಕೆತ್ತಿದ್ದು.

ಮಂಡಿ

ಮೆಟ್ಟಿಲಿನ ಲೆಕ್ಕದಲ್ಲಿ ಯಾಮಾಗಾತಾ ನಿರ್ದಯಿ. ಹಗುರೊ ಬೆಟ್ಟಕ್ಕೆ 2,446 ಕಲ್ಲಿನ ಮೆಟ್ಟಿಲು. ಮೈಸೂರಿನ ಚಾಮುಂಡಿ ಬೆಟ್ಟ ಹತ್ತಿದವರಿಗೆ ಅಂದಾಜಾಗಲಿ ಅಂತ ಹೇಳ್ತೀನಿ, ಅದರ ಎರಡರಷ್ಟಕ್ಕಿಂತ ಹೆಚ್ಚು. ಯಾಮಾದೆರಾದಲ್ಲಿ ಸಾವಿರ ಚಿಲ್ಲರೆ. ಯಾಮಾದೆರಾಕ್ಕೆ ಲಿಫ್ಟೂ ಇಲ್ಲ, ಅಡ್ಡದಾರಿಯೂ ಇಲ್ಲ. ಮೇಲಿನ ಗೊದೈದೊ ಕಟ್ಟೆಯಿಂದ ಕಾಣುವ ಕಣಿವೆ ಬೇಕು ಅಂದರೆ ಕಾಲೇ ಗತಿ.

ಆದರೆ ಹಗುರೊದಲ್ಲಿ ಒಂದು ಉಪಾಯ ಇದೆ. ಶಿಖರಕ್ಕೆ ಬಸ್ ಹೋಗುತ್ತದೆ. ಅಲ್ಲಿನ ದೊಡ್ಡ ಗುಡಿಯ ಹುಲ್ಲಿನ ಚಾವಣಿ ಎರಡು ಮೀಟರಿಗೂ ಹೆಚ್ಚು ದಪ್ಪ. ಅದನ್ನು ನೋಡಿ, ಮತ್ತೆ ಬಸ್ಸಲ್ಲೇ ಕೆಳಗೆ ಬಂದು, ಬುಡದಲ್ಲಿರುವ ಐದಂತಸ್ತಿನ ಮರದ ಪಗೋಡಾ ನೋಡಬಹುದು. ಬಣ್ಣ ಬಳಿಯದ, ಬೂದುಬೂದು ಮರ. ಸುಮಾರು 600 ವರ್ಷದಿಂದ ಆ ಕತ್ತಲೆ ಕಾಡಿನಲ್ಲಿ ನಿಂತಿದೆ. ಒಂದು ಮಾತು ನೆನಪಿರಲಿ. ಹೆಬ್ಬಾಗಿಲಿನಿಂದ ಪಗೋಡಾಕ್ಕೆ ಹೋಗುವಾಗ ಮೆಟ್ಟಿಲು ಇಳಿಯಬೇಕು. ಹೋಗುವಾಗ ಖುಷಿಯಾಗಿ ಇಳಿದು ಬಿಡ್ತೀವಿ. ವಾಪಸ್ ಬರುವಾಗ ಮಂಡಿ ಲೆಕ್ಕ ಕೇಳುತ್ತದೆ.

ಪೂರ್ತಿ ಹತ್ತುವವರಿಗೆ ಅರ್ಧ ದಾರಿಯಲ್ಲಿ ಒಂದು ಚಹಾದ ಅಂಗಡಿ ಸಿಗುತ್ತದೆ. ಅಕ್ಕಿ ಕುಟ್ಟಿ ಮಾಡಿದ ಮೋಚಿ ಅನ್ನುವ ತಿಂಡಿ ಕೊಡುತ್ತಾರೆ. ಮೆಟ್ಟಿಲುಗಳ ಮೇಲೆ ಅಲ್ಲಲ್ಲಿ ಕಮಲ, ಸೋರೆಬುರುಡೆ, ಬಟ್ಟಲು ಇಂಥ 33 ಪುಟ್ಟ ಕೆತ್ತನೆಗಳಿವೆ. ಎಲ್ಲವನ್ನೂ ಕಂಡುಹಿಡಿದವರ ಆಸೆ ಈಡೇರುತ್ತದಂತೆ. ನಾನು ಹನ್ನೊಂದಕ್ಕೆ ಸೋತೆ. ಮಕ್ಕಳು ಜೊತೆಗಿದ್ದರೆ ಈ ಆಟ ಹಿಡಿಸಿಬಿಡಿ, ಸುಸ್ತು ಅನ್ನುವುದೇ ಇಲ್ಲ.

ಕೀ ಸೀಮೆ ಮಂಡಿಗೆ ಒಳ್ಳೆಯದು. ಕೋಯಾಸಾನ್‌ಗೆ ರೈಲು, ಅಲ್ಲಿಂದ ಐದು ನಿಮಿಷ ಕೇಬಲ್ ಕಾರ್, ಆಮೇಲೆ ಬಸ್. ಒಕುನೊಇನ್ ದಾರಿ ಹೆಚ್ಚುಕಡಿಮೆ ಸಮತಟ್ಟು. ಅಮ್ಮ ಅರವತ್ತೇಳರಲ್ಲಿ ಕೋಲಿಲ್ಲದೆ ನಡೆದಳು. ಕುಮಾನೊದಲ್ಲಿ ಆಯ್ಕೆ ನಿಮ್ಮದು. ತಾಕಿಜಿರಿಯಿಂದ ಹೋಂಗುವರೆಗಿನ ಹಳೆಯ ಯಾತ್ರಾದಾರಿ ಸುಮಾರು 38 ಕಿಲೋಮೀಟರ್, ಎರಡು ದಿನದ ಏರಿಳಿತ. ಅದು ನಡೆಯುವ ಅಭ್ಯಾಸ ಇರುವವರಿಗೆ. ಉಳಿದವರು ಬಸ್ಸಲ್ಲಿ ಹೊಶಿನ್‌ಮೊನ್‌ವರೆಗೆ ಹೋಗಿ, ಕೊನೆಯ 7 ಕಿಲೋಮೀಟರ್ ಮಾತ್ರ ನಡೆದರೆ ಸಾಕು. ಚಹಾ ತೋಟ, ಹಳ್ಳಿ ಮನೆಗಳು, ಕಾಡು. ಹೆಚ್ಚಿನದು ಇಳಿಜಾರು. ನಮ್ಮಂಥವರಿಗೆ ಇಡೀ ಕುಮಾನೊದಲ್ಲಿ ಇದಕ್ಕಿಂತ ಒಳ್ಳೆಯ ಅರ್ಧ ದಿನ ಇಲ್ಲ ಅಂತ ನನ್ನ ಅಭಿಪ್ರಾಯ.

ಓಇತಾ ಎರಡರ ನಡುವೆ. ಉಸುಕಿಯ ಬುದ್ಧರು, ಫುಕಿ-ಜಿ ಎಲ್ಲ ಸುಲಭ. ಕುನಿಸಾಕಿಯ ಕುಮಾನೊ ಮಗೈಬುತ್ಸು (ಕೀ ಸೀಮೆಯ ಕುಮಾನೊ ಅಲ್ಲ, ಹೆಸರಷ್ಟೇ ಒಂದು) ಮಾತ್ರ ಬೇರೆ ಕತೆ. ಅಲ್ಲಿ ಬಂಡೆಯಲ್ಲೇ ಕೆತ್ತಿದ ಸುಮಾರು 8 ಮೀಟರಿನ ಫುದೊ, ಅಂದರೆ ಅಚಲನಾಥ, ಪಕ್ಕದಲ್ಲಿ ಮಹಾವೈರೋಚನ. ಹತ್ತುವ ಮೆಟ್ಟಿಲುಗಳನ್ನು ಒಬ್ಬ ರಾಕ್ಷಸ ಒಂದೇ ರಾತ್ರಿಯಲ್ಲಿ ಕಟ್ಟಿದನಂತೆ. ನೂರು ಕಟ್ಟಿದರೆ ಮನುಷ್ಯರನ್ನು ತಿನ್ನಬಹುದು ಅಂತ ಒಪ್ಪಂದ. ತೊಂಬತ್ತೊಂಬತ್ತಾದಾಗ ದೇವರು ಕೋಳಿಯ ಹಾಗೆ ಕೂಗಿಬಿಟ್ಟ. ಬೆಳಗಾಯಿತು ಅಂದುಕೊಂಡು ರಾಕ್ಷಸ ಓಡಿದ. ಮೆಟ್ಟಿಲು ನೋಡಿದರೆ ಕತೆ ನಂಬಬಹುದು. ಒಂದು ಮೊಣಕಾಲೆತ್ತರ, ಇನ್ನೊಂದು ವಾರೆ, ಮತ್ತೊಂದು ಬರೀ ದುಂಡುಕಲ್ಲು. ಇಳಿಯುವಾಗ ಕೆಳಗೆ ಇಟ್ಟಿರುವ ಬಿದಿರು ಕೋಲು ಬೇಕೇ ಬೇಕು. ಭಾವನಂಥವರು ಕೆಳಗೇ ಕೂತು ಚಹಾ ಕುಡಿಯಲಿ.

ಮಂಡಿ ಗಟ್ಟಿಯಿದ್ದು, ಸ್ವಲ್ಪ ಹುಚ್ಚೂ ಇದ್ದವರಿಗೆ ಈ ಮೂರರಾಚೆ ಒಂದು ಜಾಗ ಹೇಳ್ತೀನಿ. ತೊತ್ತೋರಿಯ ಮಿತೊಕು ಬೆಟ್ಟ. ಕಡಿದಾದ ಬಂಡೆಯ ಗೂಡಿನಲ್ಲಿ ತೂಗುಹಾಕಿದ ಹಾಗಿರುವ ನಾಗೆಇರೆದೊ ಗುಡಿ. ಬೇರು, ಸರಪಳಿ ಹಿಡಿದು ಹತ್ತಬೇಕು. ಒಬ್ಬರೇ ಹೋದರೆ ಬಿಡುವುದಿಲ್ಲ. ಬುಡದಲ್ಲಿ ಶೂ ತಿರುಗಿಸಿ ತಳ ನೋಡುತ್ತಾರೆ, ಸರಿಯಿಲ್ಲದಿದ್ದರೆ ಹುಲ್ಲಿನ ಚಪ್ಪಲಿ ಕೊಳ್ಳಬೇಕು. ಮಳೆ ಬಂದರೆ, ಹಿಮ ಬಿದ್ದರೆ ಬಂದ್. ಇಳಿದ ಮೇಲೆ ಹತ್ತಿರದ ಮಿಸಾಸಾ ಒನ್ಸೆನ್‌ನಲ್ಲಿ ಮೈ ನೆನೆಸಬಹುದು.

ಹೊಟ್ಟೆ

ಜಪಾನಿನಲ್ಲಿ ಸಸ್ಯಾಹಾರಿಗಳ ಶತ್ರು ಮಾಂಸ ಅಲ್ಲ, ದಾಶಿ. ಒಣಗಿಸಿದ ಮೀನಿನ ಸಾರು ಅದು. ತರಕಾರಿ ಬೇಯಿಸುವುದು ಅದರಲ್ಲೇ, ಸೋಬಾ ನೂಡಲ್ಸ್ ಮುಳುಗುವುದು ಅದರಲ್ಲೇ, ಮಿಸೊ ಸೂಪಿನ ತಳಹದಿಯೂ ಅದೇ. ಅವರ ಲೆಕ್ಕದಲ್ಲಿ ಅದು ಮೀನು ಅಲ್ಲ, ರುಚಿ. ಒಂದು ಹಳ್ಳಿಯ ಹೋಟೆಲಿನಲ್ಲಿ "ಪೂರ್ತಿ ಸಸ್ಯಾಹಾರ" ಅಂತ ಮೂರು ಸಲ ಒತ್ತಿ ಹೇಳಿದ್ದೆ. ಬಿಸಿ ಬದನೆಕಾಯಿ ಬಂತು. ಅದರ ಮೇಲೆ ಕಾಗದದಷ್ಟು ತೆಳ್ಳಗಿನ ಮೀನಿನ ಚೂರುಗಳು ಹಬೆಗೆ ಕುಣಿಯುತ್ತಿದ್ದವು. ಅವರದ್ದು ತಪ್ಪಿಲ್ಲ, ಬದನೆಕಾಯಿಗೆ ಅಲಂಕಾರ ಬೇಡವಾ?

ಈ ವಿಷಯದಲ್ಲಿ ಕೋಯಾಸಾನ್‌ಗೆ ಸಾಟಿ ಇಲ್ಲ. ಇಲ್ಲಿ ಐವತ್ತರಷ್ಟು ದೇವಸ್ಥಾನಗಳಲ್ಲಿ ಉಳಿದುಕೊಳ್ಳಬಹುದು. ಈ ವ್ಯವಸ್ಥೆಗೆ ಶುಕುಬೊ ಅಂತ ಹೆಸರು. ರಾತ್ರಿಯೂಟ, ಬೆಳಗಿನ ಊಟ ಎರಡೂ ಶೋಜಿನ್ ರ್ಯೋರಿ, ಸನ್ಯಾಸಿಗಳ ಅಡುಗೆ. ಸಾರಿಗೆ ಕೊಂಬು ಅನ್ನುವ ಕಡಲಪಾಚಿ, ಒಣ ಅಣಬೆ. ಎಳ್ಳು ರುಬ್ಬಿ ಗಟ್ಟಿ ಮಾಡಿದ ಗೋಮಾ-ದೋಫು ಬಾಯಲ್ಲಿ ಕರಗುತ್ತದೆ. ಈ ಬೆಟ್ಟದ ಹೆಸರನ್ನೇ ಹೊತ್ತ ಕೋಯಾ-ದೋಫು ಚಳಿಗೆ ಹೆಪ್ಪುಗಟ್ಟಿಸಿ ಒಣಗಿಸಿದ್ದು. ಸ್ಪಂಜಿನಂತೆ ಸಾರು ಹೀರಿಕೊಂಡಿರುತ್ತದೆ. ಉಪ್ಪು ಖಾರ ಕಮ್ಮಿ, ಅದು ನಿಜ. ಅಮ್ಮ ಬ್ಯಾಗಿನಿಂದ ಉಪ್ಪಿನಕಾಯಿ ತೆಗೆದಾಗ ನಾನು ಕಣ್ಣು ಬಿಟ್ಟೆ. ಅವಳು ನೋಡದ ಹಾಗೆ ಬಡಿಸಿಕೊಂಡಳು. ಖರ್ಚು ಒಬ್ಬರಿಗೆ ರಾತ್ರಿಗೆ ಸಾಮಾನ್ಯವಾಗಿ 12,000 ಯೆನ್‌ನಿಂದ ಮೇಲಕ್ಕೆ, ಎರಡು ಊಟ ಸೇರಿ.

ಹಗುರೊ ಬೆಟ್ಟದ ಬುಡದ ಯಾತ್ರಿಕರ ಮನೆಗಳಲ್ಲೂ ಶೋಜಿನ್ ಊಟ ಇದೆ. ಕಾಡಿನ ಸೊಪ್ಪು, ಕಳಲೆ, ಅಣಬೆ. ಕಳಲೆ ಅಂದರೆ ಬಾಯಿ ಬಿಡುವ ಮಲೆನಾಡಿನವರಿಗೆ ಇದು ಹಬ್ಬ. ಆದರೆ ಯಾವ ಮನೆಯಲ್ಲೂ ಮೀನು ಹಾಕುವುದಿಲ್ಲ ಅಂತ ಅಂದುಕೊಳ್ಳಬೇಡಿ. ಬುಕ್ ಮಾಡುವಾಗಲೇ ದಾಶಿಯ ಬಗ್ಗೆ ಕೇಳಿ. ಯಾಮಾದೆರಾ ಬುಡದಲ್ಲಿ ಕಡ್ಡಿಗೆ ಚುಚ್ಚಿದ ಕಂದು ಉಂಡೆಗಳನ್ನು ಮಾರುತ್ತಾರೆ, ತಮಾ-ಕೊನ್ಯಾಕು. ಗೆಡ್ಡೆಯಿಂದ ಮಾಡಿದ್ದು. ನೋಡಲು ಪಾಪದ ತಿಂಡಿ. ಆದರೆ ಸಾರಿಗೆ ಒಣಗಿಸಿದ ಸ್ಕ್ವಿಡ್ ಹಾಕುವುದು ರೂಢಿ! ಗಿಂಝಾನ್‌ನಲ್ಲಂತೂ ಕೋಣೆಗಳೇ ಕಮ್ಮಿ. ಊಟ ಅಂದರೆ ಹತ್ತು ಬಗೆ ಮೀನು, ಮಾಂಸ. ನಿಮಗಾಗಿ ಬೇರೆ ಅಡುಗೆ ಮಾಡುತ್ತಾರೆ ಅಂತ ನಂಬಿ ಹೋಗಬೇಡಿ.

ಓಇತಾದಲ್ಲಿ ದೇವಸ್ಥಾನದ ಊಟ ಸುಲಭಕ್ಕೆ ಸಿಗುವುದಿಲ್ಲ. ಬದಲಿಗೆ ಅಲ್ಲಿ ಸ್ವಯಂಪಾಕ. ಬೆಪ್ಪುವಿನ ಕನ್ನಾವಾ ಬೀದಿಯಲ್ಲಿ ನೆಲದ ಹಬೆಯಲ್ಲೇ ಬೇಯಿಸುವ ಕಟ್ಟೆಗಳಿವೆ. ಇದಕ್ಕೆ ಜಿಗೊಕು-ಮುಶಿ ಅಂತ ಹೆಸರು, 'ನರಕದ ಹಬೆ'. ನೀವೇ ತರಕಾರಿ ತಂದು, ಬುಟ್ಟಿಯಲ್ಲಿಟ್ಟು, ಮುಚ್ಚಳ ಹಾಕಿ, ಹದಿನೈದು ಇಪ್ಪತ್ತು ನಿಮಿಷ ಕಾಯುವುದು. ಜೋಳ, ಗೆಣಸು, ಕುಂಬಳಕಾಯಿ, ಎಲೆಕೋಸು. ನೆಲದಿಂದ ಬಂದ ಹಬೆಯ ಸಣ್ಣ ಉಪ್ಪು ತಾನಾಗಿ ಹತ್ತಿಕೊಂಡಿರುತ್ತದೆ. ದಾಶಿ ಹಾಕುವವರು ಯಾರೂ ಇಲ್ಲ. ಕುಮಾನೊದ ಯುನೊಮಿನೆಯಲ್ಲೂ ಇಂಥದ್ದೇ ಒಂದು ಚಿಕ್ಕ ತೊಟ್ಟಿ ಇದೆ, ಹಳ್ಳಿಯ ನಡುವಿನ ಹೊಳೆಯ ಪಕ್ಕ. ಸುಮಾರು 90 ಡಿಗ್ರಿ ನೀರು. ಅಂಗಡಿಯಲ್ಲಿ ಬಲೆಚೀಲದಲ್ಲಿ ಮೊಟ್ಟೆ, ಗೆಣಸು ಕೊಂಡು ದಾರ ಕಟ್ಟಿ ಇಳಿಬಿಟ್ಟರೆ ಆಯಿತು. ಕೀ ಸೀಮೆಯಲ್ಲಿ ಜೀವಂತ ಜ್ವಾಲಾಮುಖಿ ಒಂದೂ ಇಲ್ಲ, ಆದರೂ ಇಷ್ಟು ಬಿಸಿ.

ಊರಿಂದ ಚಟ್ನಿಪುಡಿ, ಅವಲಕ್ಕಿ ತನ್ನಿ. ಹಸಿ ಕರಿಬೇವು, ಹಣ್ಣು, ತರಕಾರಿ ಬೇಡ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕಿಬೀಳ್ತೀರಿ.

ನಾಚಿಕೆ

ಇದನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಆದರೆ ಒನ್ಸೆನ್ ವರೆಗೂ ಹೋಗಿ ಕಾಲು ಮಾತ್ರ ಅದ್ದಿಕೊಂಡು ಬರುವವರು ನಮ್ಮಲ್ಲಿ ಜಾಸ್ತಿ. ಸಾಮಾನ್ಯ ನಿಯಮ ಇಷ್ಟು: ಗಂಡಸರು, ಹೆಂಗಸರು ಬೇರೆ ಬೇರೆ. ಮೈಮೇಲೆ ಬಟ್ಟೆ ಇಲ್ಲ, ಈಜುಡುಗೆಯೂ ಇಲ್ಲ. ಮೊದಲು ಪುಟ್ಟ ಸ್ಟೂಲಿನ ಮೇಲೆ ಕೂತು ಸೋಪು ಹಚ್ಚಿ ಚೆನ್ನಾಗಿ ತೊಳೆದುಕೊಳ್ಳಬೇಕು, ಆಮೇಲೆ ನೀರಿಗೆ. ಕೂದಲು ಮೇಲಕ್ಕೆ ಕಟ್ಟಬೇಕು, ಟವೆಲ್ ನೀರಿಗೆ ತಾಗಬಾರದು. ಹಚ್ಚೆ ಇದ್ದರೆ ಕೆಲವು ಕಡೆ ಬಿಡುವುದಿಲ್ಲ, ಮೊದಲೇ ಕೇಳಿ. ಬಿ.ಪಿ. ಇರುವವರು ಐದು ನಿಮಿಷಕ್ಕೆ ಎದ್ದು ಬನ್ನಿ.

ನಾಚಿಕೆಯವರಿಗೆ ಮೊದಲ ಆಯ್ಕೆ ಯುನೊಮಿನೆಯ ತ್ಸುಬೊಯು. ಹೊಳೆಯ ನಡುವೆ ಒಂದು ಮರದ ಗುಡಿಸಲು, ಒಳಗೆ ಬಂಡೆಯ ಗುಂಡಿ. ಇಬ್ಬರು ಮೂವರು ಹಿಡಿಸುವಷ್ಟು. ಒಂದು ಗುಂಪಿಗೆ 30 ನಿಮಿಷ, ಬಾಗಿಲು ಹಾಕಿಕೊಳ್ಳಬಹುದು. ಗಂಡ ಹೆಂಡತಿ, ತಾಯಿ ಮಗಳು ಹೀಗೆ ಹೋಗಬಹುದು. ಯುನೆಸ್ಕೊ ಪಟ್ಟಿಯಲ್ಲಿರುವ ಸ್ನಾನದ ಗುಂಡಿ ಇದು. 2004ರಲ್ಲಿ ಕೀ ಬೆಟ್ಟಗಳ ಯಾತ್ರಾದಾರಿಗಳ ಜೊತೆಗೇ ಸೇರಿಸಿದರು, ಯಾಕೆಂದರೆ ಯಾತ್ರಿಕರು ಇಲ್ಲಿ ಮಿಂದು ಮಡಿಯಾಗಿ ಹೋಂಗುಗೆ ಹೋಗುತ್ತಿದ್ದರು. ಬೆಳಗ್ಗೆ ಬೇಗ ಹೋಗಿ, ಇಲ್ಲದಿದ್ದರೆ ಸರದಿಯಲ್ಲೇ ಎರಡು ಗಂಟೆ ಹೋಗುತ್ತದೆ. ಪಕ್ಕದ ಕವಾಯುವಿನಲ್ಲಿ ಹೊಳೆಯ ದಡದ ಜಲ್ಲಿ ತೋಡಿದರೆ ಬಿಸಿನೀರು ಬರುತ್ತದೆ. ಅಲ್ಲಿ ಬಯಲು, ಹಾಗಾಗಿ ಈಜುಡುಗೆ ಹಾಕಿಕೊಳ್ಳಬಹುದು.

ಬೆಪ್ಪು ಇನ್ನೂ ಸಲೀಸು. ಮರಳು ಸ್ನಾನದಲ್ಲಿ ಯುಕಾತಾ ಅನ್ನುವ ಹತ್ತಿಯ ನಿಲುವಂಗಿ ತೊಟ್ಟೇ ಮಲಗುವುದು, ಸಲಿಕೆಯಲ್ಲಿ ಬಿಸಿ ಮರಳು ಎಳೆದು ಕುತ್ತಿಗೆವರೆಗೆ ಮುಚ್ಚುತ್ತಾರೆ. ಕನ್ನಾವಾದ ಹಬೆ ಕೋಣೆಯಲ್ಲೂ ಬಟ್ಟೆ ಹಾಕಿಕೊಂಡೇ, ಗಮಗಮ ಅನ್ನುವ ಹುಲ್ಲಿನ ಹಾಸಿಗೆ ಮೇಲೆ ಮಲಗುವುದು. ಅದನ್ನು 1276ರಲ್ಲಿ ಇಪ್ಪೆನ್ ಎಂಬ ಸಂಚಾರಿ ಸನ್ಯಾಸಿ ಶುರು ಮಾಡಿದರು ಅಂತ ಹೇಳುತ್ತಾರೆ. ಅದಕ್ಕೆ ಎರಡು ವರ್ಷ ಮುಂಚೆ ಅದೇ ಇಪ್ಪೆನ್ ಅವರಿಗೆ ದೇವರ ಅಪ್ಪಣೆ ಆಗಿದ್ದು ಕುಮಾನೊದ ಹೋಂಗುವಿನಲ್ಲಿ. ನಕ್ಷೆಯಲ್ಲಿ ಎಷ್ಟು ದೂರ ನೋಡಿ, ನಡುವೆ ಸಮುದ್ರ ಬೇರೆ.

ಯಾಮಾಗಾತಾದಲ್ಲಿ ನಾಚಿಕೆ ಬಿಡುವುದು ಒಳ್ಳೆಯದು. 'ಕಾಶಿಕಿರಿ' ಅಂತ ಕೇಳಿದರೆ ಕೆಲವು ಹೋಟೆಲಿನಲ್ಲಿ ಮನೆಯವರಿಗೆ ಮಾತ್ರ ಬಿಡುವ ತೊಟ್ಟಿ ಇರುತ್ತದೆ. ಜಾವೊ ಕಡೆ ಹೋದರೆ ಕಾಲುಂಗುರ, ಬೆಳ್ಳಿ ಗೆಜ್ಜೆ ಬಿಚ್ಚಿಟ್ಟು ಇಳಿಯಿರಿ. ಗಂಧಕದ ನೀರು ಬೆಳ್ಳಿಯನ್ನು ಕ್ಷಣದಲ್ಲಿ ಕಪ್ಪು ಮಾಡುತ್ತದೆ. ಯುದೊನೊ ಬೆಟ್ಟದಲ್ಲಿ ಮಾತ್ರ ಯಾರಿಗೂ ಸಂಕೋಚ ಬೇಡ. ಅಲ್ಲಿ ಗುಡಿಯಿಲ್ಲ. ಬಿಸಿನೀರು ಹರಿಯುವ ಕೆಂಪು ಬಂಡೆಯೇ ದೇವರು. ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಅದರ ಮೇಲೆ ಹತ್ತಬೇಕು. ಫೋಟೋ ತೆಗೆಯುವ ಹಾಗಿಲ್ಲ. ಅಲ್ಲಿ ಕಂಡಿದ್ದನ್ನು ಹೊರಗೆ ಹೇಳಬಾರದು, ಕೇಳಲೂಬಾರದು ಅಂತ ಹಳೆಯ ಕಟ್ಟಳೆ. ನಾನು ಈಗಾಗಲೇ ಸ್ವಲ್ಪ ಜಾಸ್ತಿ ಹೇಳಿದೆ.

ಯಾವಾಗ, ಹೇಗೆ

ಚಳಿಗಾಲದಲ್ಲಿ ಗಸ್ಸಾನ್, ಯುದೊನೊ ಮುಚ್ಚಿರುತ್ತವೆ. ಗಸ್ಸಾನ್ ಶಿಖರದ ಗುಡಿ ತೆರೆಯುವುದೇ ಜುಲೈಗೆ. ಹಾಗಾಗಿ ಮೂರು ಬೆಟ್ಟ ಬೇಕಾದರೆ ಬೇಸಿಗೆ, ಹಿಮದ ಗಿಂಝಾನ್ ಬೇಕಾದರೆ ಜನವರಿ. ಎರಡೂ ಒಟ್ಟಿಗೆ ಆಗುವುದಿಲ್ಲ. 2024ರ ಡಿಸೆಂಬರ್‌ನಿಂದ ಚಳಿಗಾಲದ ಸಂಜೆ ಹೊತ್ತು ಗಿಂಝಾನ್‌ಗೆ ಹೊರಗಿನವರನ್ನು ಮಿತಿಯಲ್ಲೇ ಬಿಡುತ್ತಿದ್ದಾರೆ. ಆ ಫೋಟೋಗಾಗಿ ಹೋಗುವವರು ಇದನ್ನು ಮೊದಲೇ ನೋಡಿಕೊಳ್ಳಿ. ತೋಹೊಕು ಕಾಡುಗಳಲ್ಲಿ ಕರಡಿಗಳಿವೆ, ಬ್ಯಾಗಿಗೆ ಗಂಟೆ ಕಟ್ಟಿಕೊಳ್ಳಿ. ಕ್ಯೂಶುವಿನಲ್ಲಿ ಕರಡಿ ಅಳಿದುಹೋಗಿದೆ, ಅಲ್ಲಿ ಆ ಭಯ ಇಲ್ಲ.

ಕೋಯಾಸಾನ್ ಅಕ್ಟೋಬರ್ ಕೊನೆಯಿಂದ ನವೆಂಬರ್ ಮೊದಲ ವಾರದಲ್ಲಿ ಕೆಂಪಾಗುತ್ತದೆ. ಜನವೂ ಆಗಲೇ. ಜನವರಿಯಲ್ಲಿ ಸೊನ್ನೆಗಿಂತ ಕೆಳಗೆ ಹೋಗುತ್ತದೆ, ಕಾಗದದ ಬಾಗಿಲಿನ ಕೋಣೆಯಲ್ಲಿ ಸೀಮೆಎಣ್ಣೆ ಹೀಟರೇ ಗತಿ. ಕುಮಾನೊದಲ್ಲಿ ಮಳೆ ಬಂದರೆ ಆಗುಂಬೆಯ ನೆನಪಾಗುತ್ತದೆ. ಜೂನ್‌ನಿಂದ ಜುಲೈ ಮಧ್ಯದವರೆಗೆ ಮಳೆಗಾಲ, ಆಮೇಲೆ ಚಂಡಮಾರುತದ ಕಾಲ. ಕೋಯಾಸಾನ್‌ನಿಂದ ಕುಮಾನೊಗೆ ನೇರ ಬಸ್ ಚಳಿಗಾಲದಲ್ಲಿ ಇರುವುದಿಲ್ಲ, ಸುತ್ತಿಕೊಂಡು ಹೋಗಬೇಕು. ಓಇತಾಕ್ಕೆ ಬೇಸಿಗೆಯ ಸೆಕೆ ಬಿಟ್ಟು ಯಾವಾಗಲಾದರೂ ಹೋಗಬಹುದು. ಒಂದೇ ಕಿರಿಕಿರಿ, ಮಳೆ ಬಂದ ದಿನ ಫುಕಿ-ಜಿ ಗುಡಿಯೊಳಗೆ ಬಿಡುವುದಿಲ್ಲ. ಒಳಗಿನ ಹಳೆಯ ಚಿತ್ರಗಳಿಗೆ ತೇವ ಆಗಬಾರದು ಅಂತ.

ಕುನಿಸಾಕಿಗೆ ಬಸ್ ನಂಬಿ ಹೋದರೆ ದಿನಕ್ಕೊಂದು ದೇವಸ್ಥಾನ. ಕಾರು ಬೇಕು. ನಮ್ಮ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಪರವಾನಗಿ ಜಪಾನಿನಲ್ಲಿ ನಡೆಯುತ್ತದೆ, ಓಡಿಸುವುದೂ ಎಡಗಡೆಯೇ. ಕೀ ಮತ್ತು ಯಾಮಾಗಾತಾದಲ್ಲಿ ರೈಲು, ಬಸ್ಸಲ್ಲೇ ಆಗುತ್ತದೆ, ಆದರೆ ಕೊನೆಯ ಬಸ್ ಸಂಜೆಗೇ ಹೊರಟುಬಿಡುತ್ತದೆ. ಇಡೀ ದೇಶದ ರೈಲು ಪಾಸ್ ಕೊಳ್ಳಲು ಹೋಗಬೇಡಿ. 2023ರ ಅಕ್ಟೋಬರ್‌ನಲ್ಲೇ ಏಳು ದಿನದ ಪಾಸ್ 50,000 ಯೆನ್ ಆಗಿತ್ತು. ಒಂದೇ ಸೀಮೆಗೆ ಹೋಗುವವರಿಗೆ ಸುಮ್ನೆ ದಂಡ.

ಅಕ್ಕನಿಗೆ ಹೇಳಿದ್ದು

ಅಪ್ಪ ಅಮ್ಮನ ಜೊತೆ, ಮೊದಲ ಸಲ, ಕಟ್ಟಾ ಸಸ್ಯಾಹಾರ ಅಂದರೆ ಕಣ್ಣು ಮುಚ್ಚಿ ಕೀ. ಎರಡು ರಾತ್ರಿ ಕೋಯಾಸಾನ್, ಎರಡು ರಾತ್ರಿ ಯುನೊಮಿನೆ, ಒಂದು ನಾಚಿ. ಇಪ್ಪತ್ತು ಮೂವತ್ತರ ವಯಸ್ಸಿನ ಗೆಳೆಯರ ಗುಂಪಾದರೆ ಯಾಮಾಗಾತಾ, ಮೆಟ್ಟಿಲು ಹತ್ತಿ ಸುಸ್ತಾದ ಮೈಗೆ ಬಿಸಿನೀರು ಸಿಗುವ ಸುಖ ಅಲ್ಲಿನಷ್ಟು ಇನ್ನೆಲ್ಲೂ ಇಲ್ಲ. ಕಾರು ಓಡಿಸುವವರು ಇದ್ದು, ಒಬ್ಬೊಬ್ಬರದು ಒಂದೊಂದು ರಾಗ ಇರುವ ಸಂಸಾರ ಆದರೆ ಓಇತಾ. ಅಲ್ಲಿ ಒಬ್ಬರು ಬೆಟ್ಟ ಹತ್ತುವಾಗ ಇನ್ನೊಬ್ಬರು ಹಬೆಯಲ್ಲಿ ಮಲಗಿರಬಹುದು.

ಅಕ್ಕನ ಅತ್ತೆಯ ಊಟದ ಕಟ್ಟುನಿಟ್ಟು ನೋಡಿ ನಾನು ಕೀ ಅಂದೆ. ಅವಳು ಕೇಳಲಿಲ್ಲ, ಭಾವನಿಗೆ ಮರಳು ಸ್ನಾನ ಬೇಕಂತೆ ಅಂತ ಬೆಪ್ಪುವಿಗೆ ಹೋದಳು. ಮೂರನೇ ದಿನ ವಾಟ್ಸಾಪಿನಲ್ಲಿ ಒಂದು ಫೋಟೋ ಬಂತು. ಕನ್ನಾವಾದ ಹಬೆಯ ಕಟ್ಟೆ. ಬಿದಿರು ಬುಟ್ಟಿಯಲ್ಲಿ ಕುಂಬಳಕಾಯಿ, ಜೋಳ. ಪಕ್ಕದಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿದ ಅತ್ತೆ, ಕೈಯಲ್ಲಿ ಚಟ್ನಿಪುಡಿಯ ಡಬ್ಬಿ. ಅವರ ಎದುರು ಇಬ್ಬರು ಜಪಾನಿ ಅಜ್ಜಿಯರು, ತಟ್ಟೆ ಮುಂದೆ ಚಾಚಿಕೊಂಡು.